ಕಾಯಿ ಕೆಡವಿದ ಮೇಲಿನ ಮರ

ಕಂಪನಿಯೊಂದು ತನ್ನ ಷೇರುದಾರರಿಗೆ ವಿಶೇಷ ಲಾಭಾಂಶ ಹಂಚುತ್ತದೆ ಎಂದರೆ ನಮ್ಮ ಕಡೆಯವರು ಅದನ್ನು ಪ್ರಸಾದ ಎಂದುಕೊಳ್ಳುತ್ತಾರೆ. ಸಾಲಿನಲ್ಲಿ ನಿಂತು ಕೈ ಒಡ್ಡಿದರೆ ಸಾಕು, ಬಿದ್ದದ್ದೆಲ್ಲ ತಮ್ಮದು. ಈ ನಂಬಿಕೆಯ ಬಗ್ಗೆ ನನಗಿರುವುದು ಭಿನ್ನಾಭಿಪ್ರಾಯವಲ್ಲ, ದ್ವೇಷ. ಎಂಟು ಜನ ಸೇರಿ ಹತ್ತು ಲಕ್ಷ ರೂಪಾಯಿಯನ್ನು ನನ್ನ ಅಪ್ಪನೊಬ್ಬರ ಖಾತೆಗೆ ಸುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಡೆಯಲು ಹೋಗಿ ವಾದದಲ್ಲಿ ಸೋತೆ. ಆಮೇಲೆ ಒಂದು ಸಲ ಗೆದ್ದೆ. ಆ ಗೆಲುವಿನ ಬಗ್ಗೆ ಬರೆಯುವುದಕ್ಕೇ ಇಲ್ಲಿ ಕೂತಿದ್ದೇನೆ.

ಅಪ್ಪ ಯಳಂದೂರಿನ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನ ಮುಖ್ಯ ಶಿಕ್ಷಕರು. ನಿವೃತ್ತಿಗೆ ಇನ್ನೆರಡು ವರ್ಷ. ಅವರೂ ಅವರ ಆರು ಜನ ಸ್ನೇಹಿತರೂ ವರ್ಷಕ್ಕೊಮ್ಮೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತಾರೆ. ಹೊರಡುವ ದಿನ ಎಲ್ಲರೂ ಒಂದೇ ಬಟ್ಟೆಯ ಗಂಟಿಗೆ ದುಡ್ಡು ಹಾಕಬೇಕು. ಗಂಟು ಹಿಡಿಯುವುದು ಯಾವಾಗಲೂ ಅಪ್ಪ, ಮೇಷ್ಟ್ರು ಎಂಬ ಕಾರಣಕ್ಕೆ. ಗಂಟು ಹಿಡಿದವನನ್ನು ಯಾರೂ ಲೆಕ್ಕ ಕೇಳುವಂತಿಲ್ಲ. ದಾರಿಯಲ್ಲಿ ಕಮ್ಮಿ ಬಿದ್ದರೆ ಅವನೇ ತುಂಬಬೇಕು. ಉಳಿದರೆ ಬೆಟ್ಟದ ಮೇಲೆ ದಾಸೋಹದ ಹುಂಡಿಗೆ ಹಾಕಬೇಕು. ನಾಲ್ಕು ದಿನದ ಅಕ್ಕಿ, ಬೇಳೆ, ನಿಂಬೆಹಣ್ಣು, ಟೆಂಪೋ ಬಾಡಿಗೆಯ ಮಟ್ಟಿಗೆ ಇದು ಚಂದದ ಪದ್ಧತಿ. ಅದಕ್ಕಿಂತ ದೊಡ್ಡ ವ್ಯವಹಾರಕ್ಕೆ ಇದನ್ನು ಎಳೆದು ತಂದರೆ ಏನಾಗುತ್ತದೆ ಎಂದು ಆ ಏಳು ಗಂಡಸರಲ್ಲಿ ಒಬ್ಬರೂ ಯೋಚಿಸಲಿಲ್ಲ.

ಎಳೆದು ತಂದವರು ಹನೂರಿನ ಕಂಡಕ್ಟರ್ ಮಾವ. ಅವರು ಬಸ್ಸಿನ ಕೆಲಸದಿಂದ ನಿವೃತ್ತರಾದವರು, ಅಪ್ಪನ ಜೊತೆ ಹೈಸ್ಕೂಲು ಓದಿದವರು. ಮೂವತ್ತು ವರ್ಷ ಬಸ್ಸಿನ ಗದ್ದಲದ ಮೇಲೆ ಕೂಗಿ ಅಭ್ಯಾಸವಾದ ಗಂಟಲು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಕೂತು, ಫೋನಿನಲ್ಲಿ ಒಂದು ವಿಡಿಯೋ ಹಚ್ಚಿ ಅಪ್ಪನ ಮೂಗಿನ ಹತ್ತಿರ ಹಿಡಿದರು. ಉಳಿದ ಸ್ನೇಹಿತರಲ್ಲಿ ಮೂವರು ಆಗಲೇ ಬಂದು ಕೂತಿದ್ದರು.

"ಮೇಷ್ಟ್ರೇ, ಒಂದು ಷೇರಿಗೆ ತೊಂಬತ್ತು ರೂಪಾಯಿ! ಕಂಪ್ನಿಯೋರು ಒಂದು ಫ್ಯಾಕ್ಟ್ರಿ ಮಾರ್ಬುಟ್ಟವ್ರೆ. ಬಂದ ದುಡ್ಡ ಅಂಗೇ ಅಂಚ್ತಾವ್ರೆ."

"ಷೇರಿನ ಬೆಲೆ ಎಷ್ಟೋ?" ಅಪ್ಪ ಕೇಳಿದರು.

"ಸಾವ್ರ. ಗುರುವಾರದೊಳ್ಗೆ ತಕಂಡಿರ್ಬೇಕು. ಸುಕ್ರವಾರ ಯಾರ ಖಾತೇಲದೋ ಅವ್ರಿಗೆ ತೊಂಬತ್ತು. ಆಮೇಲೆ ಷೇರ ಮಾರ್ಬುಟ್ರೆ ಸಾವ್ರ ವಾಪಸ್ಸು. ನೂರಕ್ಕೆ ಒಂಬತ್ತು, ಒಂದೇ ವಾರಕ್ಕೆ! ಬ್ಯಾಂಕ್ನೋನು ವರ್ಷೆಲ್ಲ ಕಾಯ್ಸಿ ಏಳು ಕೊಡ್ತಾನೆ, ಅದ್ಕೂ ಮುಖ ಗಂಟಾಕತಾನೆ."

ನಾನು ಒಳಗಿಂದ ಬಂದೆ. ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗೆ ಹೋದವಳಿಗೆ ಇಂಥ ಮಾತು ಕೇಳಿಸಿಕೊಂಡು ಸುಮ್ಮನಿರುವುದು ಆಗದ ಕೆಲಸ.

"ಶುಕ್ರವಾರ ಬೆಳಿಗ್ಗೆ ಅದು ಸಾವಿರ ಇರಲ್ಲ ಮಾವ," ಎಂದೆ. "ಒಂಬೈನೂರ ಹತ್ತರ ಸುತ್ತಮುತ್ತ ಇರುತ್ತೆ. ಕಂಪನಿ ಜೇಬಿನಲ್ಲಿದ್ದ ತೊಂಬತ್ತು ಹೊರಗೆ ಹೋಗುತ್ತೆ ಅಂತ ಗೊತ್ತಾದ ಮೇಲೂ ಅದಕ್ಕೆ ಸಾವಿರ ಕೊಡೋ ದಡ್ಡ ಯಾರು? ನಿಮ್ಮ ಎಡಜೇಬಿನ ದುಡ್ಡನ್ನೇ ಬಲಜೇಬಿಗೆ ಹಾಕ್ತಾರೆ. ಹಾಕೋವಾಗ ತೆರಿಗೆಯವನು ಒಂದು ಚಿಟಿಕೆ ತಗೋತಾನೆ."

"ಬೀಳ್ತದೆ ಅಂತ ನಿಂಗ್ಯಾರವ್ವ ಏಳ್ದೋರು?"

"ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಹೊನ್ನೂರಲ್ಲಿ ತೆಂಗಿನ ತೋಟ ಮಾರುವಾಗ ಮರದಲ್ಲಿ ಕಾಯಿ ಇದ್ದರೆ ಒಂದು ಬೆಲೆ, ಕಾಯಿ ಕೆಡವಿದ ಮೇಲೆ ಒಂದು ಬೆಲೆ. ಹೌದೋ ಅಲ್ವೋ?"

ಕಂಡಕ್ಟರ್ ಮಾವ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಸುತ್ತ ಕೂತವರ ಕಡೆ ತಿರುಗಿದರು. "ಕಾಯಿ ಕೆಡವುದ್ರೆ ಮರ ಓಡೋಯ್ತದೇನವ್ವ? ಮರ ಮರಾನೇ ಕಣವ್ವ. ಇನ್ನೆಲ್ಡು ತಿಂಗ್ಳು ಬುಟ್ರೆ ಮತ್ತೆ ಗೊನೆ ಬತ್ತದೆ."

ಎಲ್ಲರೂ ನಕ್ಕರು. ಒಬ್ಬರು ತೊಡೆ ತಟ್ಟಿಕೊಂಡರು. ಅಪ್ಪ ಸಹ ನಕ್ಕರು. ನನ್ನ ಉತ್ತರ ಸಿದ್ಧವಾಗಿತ್ತು. ಕಂಪನಿ ಮಾರಿದ್ದು ಕಾಯಿಯನ್ನಲ್ಲ, ತೋಟದ ಒಂದು ಮರವನ್ನೇ ಕಡಿದು ಮಾರಿದೆ, ಅದು ಮತ್ತೆ ಚಿಗುರುವುದಿಲ್ಲ. ಹೇಳಿದೆ ಕೂಡ. ಆದರೆ ನಗುವಿನ ನಡುವೆ ಹೇಳಿದ ಉತ್ತರಕ್ಕೆ ಬೆಲೆಯಿಲ್ಲ. ಸ್ಪರ್ಧೆಯಲ್ಲಾದರೆ ಅಧ್ಯಕ್ಷರು ಗಂಟೆ ಬಾರಿಸಿ ಸದ್ದಡಗಿಸುತ್ತಾರೆ, ಜಗಲಿಯ ಮೇಲೆ ಗಂಟೆಯಿಲ್ಲ.

"ನಿನ್ನ ಬಾಯಿಗೆ ಬೆಳ್ಳಿ ಕಪ್ಪು ಕೊಟ್ಟೋರು ಕಿವಿಗೂ ಒಂದು ಕೊಟ್ಟಿದ್ದಿದ್ರೆ ಚೆನ್ನಾಗಿತ್ತು," ಎಂದರು ಅಮ್ಮ, ಕಾಫಿಯ ಲೋಟ ಇಡುತ್ತ. "ಅಕ್ಕ ಆಗಲಿಂದ ಏನೋ ಕೇಳ್ತಾವ್ರೆ, ನೋಡು."

ಅಕ್ಕ ಎಂದರೆ ಅಪ್ಪನ ಶಾಲೆಯ ಬಿಸಿಯೂಟದ ಅಡುಗೆಯವರು. ಊರು ಹೊನ್ನೂರು. ಬೆಟ್ಟಕ್ಕೆ ನಡೆಯುವವರ ಟೆಂಪೋದಲ್ಲಿ ಪಾತ್ರೆ ಹೇರಿಕೊಂಡು ಹೋಗಿ ಅಡುಗೆ ಮಾಡುವವರೂ ಅವರೇ. ಆದ್ದರಿಂದ ಗಂಟಿನಲ್ಲಿ ಅವರದೂ ಒಂದು ಪಾಲು ಇರುತ್ತಿತ್ತು. ಅವತ್ತು ಅಡುಗೆಯ ರಿಜಿಸ್ಟರಿಗೆ ಸಹಿ ಹಾಕಿಸಲು ಬಂದವರು ಕಂಬಕ್ಕೆ ಒರಗಿ ನಿಂತಿದ್ದರು.

ಅವರ ಕಷ್ಟ ನಮ್ಮ ಮನೆಯವರಿಗೆಲ್ಲ ಗೊತ್ತಿತ್ತು. ಅವರ ಮನೆ ನಿಂತಿರುವ ಜಾಗ ಗಂಡನ ಅಣ್ಣನ ಹೆಸರಿನಲ್ಲಿತ್ತು. ಗಂಡ ತೀರಿಕೊಂಡ ಮೇಲೆ ಆ ಭಾವ, ಜಾಗ ಬಿಡು ಇಲ್ಲವೇ ಕೊಂಡುಕೋ ಎಂದು ಕೂತ. ಊರಿನ ದೊಡ್ಡವರು ಸೇರಿ ಒಂದು ಬೆಲೆ ಕಟ್ಟಿದರು. ಅಕ್ಕ ಮೂರು ವರ್ಷದಲ್ಲಿ ಬಹುಪಾಲು ತೀರಿಸಿದ ಮೇಲೆ ಕೊನೆಗೆ ಉಳಿದದ್ದು ಒಂದು ಲಕ್ಷದ ಎಂಟು ಸಾವಿರ. ಆ ತಿಂಗಳ ಕೊನೆಯ ಸೋಮವಾರ ಅಷ್ಟನ್ನೂ ಒಟ್ಟಿಗೆ ಕೊಟ್ಟರೆ ರಿಜಿಸ್ಟ್ರೇಷನ್. ತಪ್ಪಿದರೆ ಮಾತು ಮುರಿದಂತೆ, ಆಮೇಲೆ ಭಾವ ಹೇಳಿದ್ದೇ ರೇಟು. ಅಕ್ಕನ ಹತ್ತಿರ ಇದ್ದದ್ದು ಒಂದು ಲಕ್ಷ.

"ಒಂದು ಲಕ್ಷಕ್ಕೆ ಎಷ್ಟ್ ಬತ್ತದೆ?" ಅಕ್ಕ ಕೇಳಿದರು.

"ಒಂಬತ್ತು ಸಾವ್ರ ಕಣಕ್ಕ," ಎಂದರು ಕಂಡಕ್ಟರ್ ಮಾವ. "ನಿನ್ ಎಂಟು ತುಂಬಿ, ಮೇಲೊಂದು ಸಾವ್ರದಲ್ಲಿ ಸೀರೆ ತಕ."

ಅಕ್ಕ ಸೆರಗು ಸರಿಮಾಡಿಕೊಂಡು ಅಪ್ಪನನ್ನು ನೋಡಿದರು. ಅಪ್ಪ ಆಗಲಿ ಎಂಬಂತೆ ತಲೆಯಾಡಿಸಿದರು.

ಪ್ರತಿಯೊಬ್ಬರೂ ತಮ್ಮದೇ ಖಾತೆ ತೆರೆಯಲಿ ಎಂದು ನಾನು ಕೊನೆಯದಾಗಿ ಹೇಳಿದೆ. ಗುರುವಾರದೊಳಗೆ ಖಾತೆ ಆಗುವುದಿಲ್ಲ ಎಂದರು. ಮೇಷ್ಟ್ರ ಖಾತೆ ಇದೆಯಲ್ಲ, ಗಂಟು ಹಿಡಿಯುವವರು ಹೇಗೂ ಅವರೇ ಎಂದರು. ಬೇರೆಯವರ ದುಡ್ಡಿಗೆ ಬಂದ ಲಾಭಾಂಶವೂ ನಿಮ್ಮ ಆದಾಯ ಅಂತಲೇ ಲೆಕ್ಕವಾಗುತ್ತೆ ಅಪ್ಪ, ಎಂದೆ. ಅದಕ್ಕೆ ಅಪ್ಪ ಹೆಮ್ಮೆಯಿಂದಲೇ ಹೇಳಿದರು: "ನನಗೆ ಈ ಸಲ ತೆರಿಗೆಯೇ ಇಲ್ಲ. ಹನ್ನೆರಡು ಲಕ್ಷದೊಳಗೆ ಬರುತ್ತೆ." ಅಲ್ಲಿ ನಾನು ನಿಲ್ಲಬೇಕಿತ್ತು. ಹನ್ನೆರಡು ಲಕ್ಷಕ್ಕೆ ಎಷ್ಟು ದೂರದಲ್ಲಿದ್ದೀರಿ ಎಂದು ಒಂದು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ. ಮರದ ಮಾತಿನಲ್ಲಿ ಸೋತ ಉರಿ ಇನ್ನೂ ಆರಿರಲಿಲ್ಲ.

ಬುಧವಾರ ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಕೊಳ್ಳೇಗಾಲಕ್ಕೆ ಹೋದೆ. ರೇಷ್ಮೆ ಸೀರೆಯ ಅಂಗಡಿಯೊಂದರ ಮಹಡಿಯ ಮೇಲೆ ಷೇರು ಆಫೀಸು. ಅಲ್ಲಿನ ಹುಡುಗ ಒಂದು ವರ್ಷದ ಬೆಲೆಯ ಗೆರೆಯನ್ನು ಪರದೆಯ ಮೇಲೆ ತೋರಿಸಿದ. ಸುದ್ದಿ ಬರುವ ಮೊದಲು ಷೇರು ಒಂಬೈನೂರ ಮೂವತ್ತರಲ್ಲಿತ್ತು. ಸುದ್ದಿ ಬಂದ ಮೂರೇ ದಿನಕ್ಕೆ ಸಾವಿರ.

"ಅಂದರೆ ಲಾಭಾಂಶದ ಆಸೆಯ ಬೆಲೆ ಆಗಲೇ ಸೇರಿಹೋಗಿದೆ," ಎಂದೆ.

"ಮೇಡಂ, ಎಲ್ಲರೂ ತಗೋತಾವ್ರೆ," ಎಂದ ಅವನು.

"ನೀವು ತಗೊಂಡಿದೀರಾ?"

ಅವನು ಅಪ್ಪನ ಕಡೆ ತಿರುಗಿ, "ಸಾ, ಎಷ್ಟಕ್ಕೆ ಆರ್ಡರ್ ಹಾಕ್ಲಿ?" ಎಂದ. ಕೊಂಡರೂ ಅವನಿಗೆ ಕಮಿಷನ್ನು, ಮಾರಿದರೂ ಕಮಿಷನ್ನು. ಇಡೀ ವ್ಯವಹಾರದಲ್ಲಿ ನಿಜವಾದ ಲಾಭಾಂಶ ಪಡೆದವನು ಅವನೊಬ್ಬನೇ. ಅಪ್ಪ ಸಾವಿರ ಷೇರು ಕೊಂಡರು. ಹತ್ತು ಲಕ್ಷ. ಅದರಲ್ಲಿ ಅಕ್ಕನವು ನೂರು.

ಶುಕ್ರವಾರ ಒಂಬತ್ತೂಕಾಲಿಗೆ ಮಾರುಕಟ್ಟೆ ತೆರೆಯಿತು. ಷೇರು ಒಂಬೈನೂರ ಎಂಟರಲ್ಲಿ ಶುರುವಾಯಿತು. ಒಂಬತ್ತೂ ಇಪ್ಪತ್ತಕ್ಕೆ ಕಂಡಕ್ಟರ್ ಮಾವನ ಫೋನು. ಅಪ್ಪ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದರು, ನಾನೇ ಎತ್ತಿದೆ.

"ಕಂಪ್ಯೂಟ್ರು ಕೆಟ್ಟೋಗದೆ ಅಂತ ಕಾಣ್ತದೆ," ಎಂದರು.

"ಕೆಟ್ಟಿಲ್ಲ ಮಾವ. ಕಾಯಿ ಕೆಡವಿದ್ದಾರೆ."

"ನಿನ್ ನಾಲಗೆಗೆ ಒಸಿ ಬೀಗ ಆಕವ್ವ. ಸೋಮಾರಕ್ಕೆ ಏರ್ತದೆ, ನೋಡ್ತಿರು."

ಏರಲಿಲ್ಲ. ತೊಂಬತ್ತರ ಆಸೆಗೆ ಬಂದಿದ್ದವರೆಲ್ಲ, ಪಂಕ್ತಿ ಮುಗಿದಾಗ ಒಟ್ಟಿಗೆ ಎದ್ದು ಕೈ ತೊಳೆಯಲು ನುಗ್ಗುವವರಂತೆ ಹೊರಟರು. ಒಂಬೈನೂರು, ಎಂಟುನೂರ ತೊಂಬತ್ತೆಂಟು, ಎಂಟುನೂರ ತೊಂಬತ್ತು. ಇವತ್ತೇ ಮಾರಿಬಿಡಿ ಎಂದು ನಾನು ದಿನವೂ ಹೇಳಿದೆ. ನಾನು ಹೇಳಿದೆ ಎಂಬ ಕಾರಣಕ್ಕೇ ಅವರು ದಿನವೂ ಮಾರಲಿಲ್ಲ. ಇದು ನಾನು ಕಟ್ಟಿದ ಮಾತಲ್ಲ. "ಆ ಕೂಸು ಗೆದ್ದೆ ಅಂತ ಕುಣೀತದೆ, ತಡೀರಿ," ಎಂದು ಕಂಡಕ್ಟರ್ ಮಾವ ಅಪ್ಪನಿಗೆ ಹೇಳಿದ್ದನ್ನು ಅಮ್ಮ ಕೇಳಿಸಿಕೊಂಡಿದ್ದರು.

ಅಕ್ಕ ಮಾತ್ರ ದಿನಕ್ಕೊಂದು ಸಲ ಶಾಲೆಯಲ್ಲಿ ಅಪ್ಪನನ್ನು ಕೇಳುತ್ತಿದ್ದರಂತೆ: "ಸಾ, ನಂದು ಏನಾಯ್ತು?" ತಿಂಗಳ ಕೊನೆ ಹತ್ತಿರ ಬಂದದ್ದರಿಂದ ಅಪ್ಪ ಒಂದು ದಿನ ಅಷ್ಟನ್ನೂ ಎಂಟುನೂರ ತೊಂಬತ್ತಕ್ಕೆ ಮಾರಿಸಿದರು. ಹತ್ತು ಲಕ್ಷ ಕೊಟ್ಟು ಕೊಂಡದ್ದಕ್ಕೆ ಎಂಟು ಲಕ್ಷದ ತೊಂಬತ್ತು ಸಾವಿರ ಬಂತು.

ಅದೇ ವಾರ ಲಾಭಾಂಶವೂ ಬಂತು. ತೊಂಬತ್ತು ಸಾವಿರ ಬರಬೇಕಿತ್ತು, ಎಂಬತ್ತೊಂದು ಬಂತು. ಕಂಪನಿ ನೂರಕ್ಕೆ ಹತ್ತರಂತೆ ತೆರಿಗೆ ಹಿಡಿದುಕೊಂಡೇ ಕೊಡುತ್ತದೆ, ಅದು ಕಾನೂನು. ಕಂಡಕ್ಟರ್ ಮಾವನಿಗೆ ಕಾನೂನು ಬೇಕಿರಲಿಲ್ಲ.

"ಒಂಬತ್ತು ಸಾವ್ರ ಎಲ್ಲೋಯ್ತು ಮೇಷ್ಟ್ರೇ?" ಎಂದು ಫೋನಿನಲ್ಲಿ ಕೇಳಿದರು. ಇಪ್ಪತ್ತು ವರ್ಷ ಗಂಟು ಹಿಡಿದ ಮನುಷ್ಯನನ್ನು ಮೊದಲ ಸಲ ಲೆಕ್ಕ ಕೇಳಿದರು. ಅಪ್ಪ ಫೋನು ಇಟ್ಟು, ಕನ್ನಡಕ ತೆಗೆದು, ಶರ್ಟಿನ ತುದಿಯಿಂದ ಒರೆಸುತ್ತ ಕೂತರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಶನಿವಾರ ಇಬ್ಬರೂ ಕೊಳ್ಳೇಗಾಲದ ಆಡಿಟರ್ ಹತ್ತಿರ ಹೋದೆವು. ಹಿಡಿದ ಒಂಬತ್ತು ಸಾವಿರ ವಾಪಸ್ಸು ಬರುತ್ತದೆಯೇ ಎಂದು ಕೇಳುವುದು ಅಪ್ಪನ ಉದ್ದೇಶ. ಆಡಿಟರ್ ಅಪ್ಪನ ಸಂಬಳದ ಪಟ್ಟಿ ನೋಡಿದರು, ಲಾಭಾಂಶದ ಚೀಟಿ ನೋಡಿದರು, ಮತ್ತೆ ಸಂಬಳದ ಪಟ್ಟಿ ನೋಡಿದರು.

"ಸರ್, ಕಳೆಯೋದೆಲ್ಲ ಕಳೆದು ನಿಮ್ಮ ಆದಾಯ ಹನ್ನೊಂದು ಲಕ್ಷದ ತೊಂಬತ್ತು ಸಾವಿರ. ಹನ್ನೆರಡಕ್ಕೆ ಹತ್ತು ಸಾವಿರದಷ್ಟೇ ಜಾಗ ಇತ್ತು. ನೀವು ಅದಕ್ಕೆ ತೊಂಬತ್ತು ತುಂಬಿದ್ದೀರಿ."

"ಹೆಚ್ಚಾದ ಎಂಬತ್ತು ಸಾವಿರಕ್ಕೆ ತೆರಿಗೆ ಕಟ್ಟಿದರಾಯ್ತಲ್ಲ?"

"ಹಾಗಿಲ್ಲ ಸರ್. ಹನ್ನೆರಡರ ಗೆರೆ ದಾಟಿದರೆ ರಿಯಾಯಿತಿಯೇ ಹೋಗುತ್ತೆ. ನಾಲ್ಕು ಲಕ್ಷದ ಮೇಲಿನದಕ್ಕೆಲ್ಲ ಲೆಕ್ಕ ಬೀಳುತ್ತೆ." ಅವರು ಲೆಕ್ಕದ ಯಂತ್ರದ ಗುಂಡಿಗಳನ್ನು ಒತ್ತಿದರು. "ಸೆಸ್ಸೂ ಸೇರಿ ಎಪ್ಪತ್ತನಾಲ್ಕು ಸಾವಿರದ ಎಂಟುನೂರ ಎಂಬತ್ತು. ಒಂಬತ್ತು ಸಾವಿರ ಹಿಡಿದಿದ್ದಾರೆ. ಮಿಕ್ಕಿದ್ದು ನೀವು ಕಟ್ಟಬೇಕು."

ತೊಂಬತ್ತು ಸಾವಿರದ ಲಾಭಾಂಶಕ್ಕೆ ಸುಮಾರು ಎಪ್ಪತ್ತೈದು ಸಾವಿರ ತೆರಿಗೆ. ಅಪ್ಪನ ಮುಖ ನೋಡಲಾಗದೆ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಷೇರು ಮಾರಿದ್ದರಲ್ಲಿ ಒಂದು ಲಕ್ಷದ ಹತ್ತು ಸಾವಿರ ನಷ್ಟ ಆಗಿದೆ," ಎಂದರು ಅಪ್ಪ, ನಿಧಾನವಾಗಿ. "ಅದನ್ನ ಇದರಲ್ಲಿ ಕಳೆದುಬಿಡಿ. ಲಾಭಕ್ಕಿಂತ ನಷ್ಟವೇ ಜಾಸ್ತಿ ಇದೆ."

"ಆ ನಷ್ಟವನ್ನ ಷೇರು ಮಾರಿ ಬಂದ ಲಾಭದಲ್ಲಿ ಮಾತ್ರ ಕಳೀಬಹುದು ಸರ್. ಲಾಭಾಂಶದಲ್ಲಿ ಆಗಲ್ಲ, ಸಂಬಳದಲ್ಲೂ ಆಗಲ್ಲ. ಎಂಟು ವರ್ಷ ಲೆಕ್ಕದಲ್ಲಿ ಇಟ್ಟುಕೊಂಡಿರಬಹುದು."

"ಇಟ್ಟುಕೊಂಡು ಏನು ಮಾಡೋದು?"

ದುಡ್ಡು ಎಂಟು ಜನರದು ಎಂದು ನಾನು ಹೇಳಿದಾಗ ಆಡಿಟರ್ ಪೆನ್ನು ಕೆಳಗಿಟ್ಟರು. "ಅದನ್ನ ಇಲ್ಲಿ ಹೇಳಿದ್ದು ಸಾಕು ಮೇಡಂ. ಹೊರಗೆ ಹೇಳಿದರೆ ಬೇನಾಮಿ ಅಂತ ಪ್ರಶ್ನೆ ಬರುತ್ತೆ. ಸರ್ ಸರ್ಕಾರಿ ನೌಕರರು ಬೇರೆ."

ಈ ಏರ್ಪಾಡಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೈಗೆ ಬಂದ ಹಾಗೆ ಕಾಣುವ ದುಡ್ಡು ಆದಾಯವಂತೆ. ಕೈಯಿಂದ ನಿಜವಾಗಿ ಹೋದ ದುಡ್ಡು ಮಾತ್ರ ಬೇರೆ ಪುಟದ ವಿಷಯವಂತೆ. ಕಂಪನಿಯ ದೊಡ್ಡ ಪಾಲುದಾರರು ಇದನ್ನೆಲ್ಲ ಮೊದಲೇ ಅಳೆದು, ಯಾರ ಹೆಸರಿನಲ್ಲಿ ಎಷ್ಟು ಇರಬೇಕು ಎಂದು ವರ್ಷಕ್ಕೆ ಮೊದಲೇ ಕೂತು ಲೆಕ್ಕ ಹಾಕುತ್ತಾರೆ. ನಮ್ಮವರು ವಾರಕ್ಕೆ ಮೊದಲು ಫೋನಿನಲ್ಲಿ ವಿಡಿಯೋ ನೋಡಿ ಓಡುತ್ತಾರೆ. ವಿಶೇಷ ಲಾಭಾಂಶದಲ್ಲಿ ವಿಶೇಷ ಯಾರಿಗೆ ಎಂಬುದು ಆ ವಿಡಿಯೋದಲ್ಲಿ ಇರುವುದಿಲ್ಲ.

ಭಾನುವಾರ ಎಲ್ಲರೂ ಹನೂರಿನ ಕಂಡಕ್ಟರ್ ಮಾವನ ಮನೆಯಲ್ಲಿ ಸೇರಿದರು. ಬೆಟ್ಟಕ್ಕೆ ನಡೆಯುವಾಗ ಎಲ್ಲರೂ ತಂಗುವುದು ಆ ಮನೆಯ ಜಗಲಿಯ ಮೇಲೆ. ಅಕ್ಕ ನಮ್ಮ ಜೊತೆ ಬಸ್ಸಿನಲ್ಲಿ ಬಂದಿದ್ದರು. ಮಾರನೆಯ ದಿನವೇ ಅವರ ಸೋಮವಾರ. ದಾರಿಯಲ್ಲಿ ಅವರು ಹೇಳಿದರು: "ಭಾವನ ಹತ್ರ ಮಾತಾಡಿವ್ನಿ. ಒಂದೈದು ಸಾವ್ರ ಕಮ್ಮಿ ಬಿದ್ರೆ ಒಂದ್ ವಾರ ತಡೀತೀನಿ ಅಂದವ್ರೆ. ಇನ್ನೈದಕ್ಕೆ ಸಂಘದಲ್ಲಿ ಕೇಳಿವ್ನಿ. ಅದ್ರ ಮೇಲೆ ಆಗಕಿಲ್ಲ." ನಾನು ಮನಸ್ಸಿನಲ್ಲೇ ಕೂಡಿಸಿದೆ. ಷೇರಿನ ಎಂಬತ್ತೊಂಬತ್ತು, ಲಾಭಾಂಶದ ಒಂಬತ್ತು, ತೊಂಬತ್ತೆಂಟು ಸಾವಿರ. ಕೊರತೆ ಹತ್ತು. ಸರಿಹೋಗುತ್ತಿತ್ತು. ತೆರಿಗೆ ಇಲ್ಲದಿದ್ದರೆ.

ಅಪ್ಪ ಆಡಿಟರ್ ಹೇಳಿದ್ದನ್ನು ಪಾಠ ಮಾಡುವ ದನಿಯಲ್ಲಿ ಹೇಳಿ ಮುಗಿಸಿದರು.

"ತೆರಿಗೆ ನಿಮ್ ಹೆಸ್ರಿಗೆ ಬಂದದೆ," ಎಂದರು ಕಂಡಕ್ಟರ್ ಮಾವ. "ನಾವೇನ್ ಮಾಡಾಣ ಮೇಷ್ಟ್ರೇ? ಮೊದ್ಲಿಂದ ಇರ ಪದ್ಧತಿ. ಕಮ್ಮಿ ಬಿದ್ರೆ ಗಂಟು ಇಡ್ದೋನು ತುಂಬ್ಬೇಕು."

ಅಪ್ಪ ತಲೆ ತಗ್ಗಿಸಿದರು. ಒಪ್ಪಿಕೊಂಡುಬಿಡುತ್ತಾರೆ ಎಂದು ಗೊತ್ತಾಯಿತು. ನಾನು ಎದ್ದು ನಿಂತೆ.

"ಪದ್ಧತಿ ಅಂದರೆ ಪೂರ್ತಿ ಪದ್ಧತಿ ಹೇಳಿ ಮಾವ. ಕಮ್ಮಿ ಬಿದ್ದರೆ ಗಂಟು ಹಿಡಿದವನು ತುಂಬಬೇಕು. ಉಳಿದರೆ?"

ಕಂಡಕ್ಟರ್ ಮಾವ ಎಲೆಯಡಿಕೆಯ ಚೀಲ ಬಿಚ್ಚಿದರು.

"ಉಳಿದರೆ ದಾಸೋಹದ ಹುಂಡಿಗೆ. ಷೇರು ಏರಿ ಒಂದು ಲಕ್ಷ ಲಾಭ ಬಂದಿದ್ದರೆ ಅಷ್ಟನ್ನೂ ಹುಂಡಿಗೆ ಹಾಕ್ತಿದ್ರಾ? ಮಾದಪ್ಪನ ಮೇಲೆ ಆಣೆ ಇಟ್ಟು ಹೇಳಿ. ಲಾಭ ಬಂದರೆ ನಿಮ್ಮ ನಿಮ್ಮದು, ನಷ್ಟ ಬಂದರೆ ಪದ್ಧತಿನಾ?"

ಆಣೆಯ ಮಾತು ಬಂದ ಮೇಲೆ ಆ ಜಗಲಿಯ ಮೇಲೆ ಒಬ್ಬರೂ ಕದಲಲಿಲ್ಲ. ಇಂಥ ಮೌನವನ್ನು ನಾನು ದೊಡ್ಡ ಸಭಾಂಗಣಗಳಲ್ಲಿ ಕೇಳಿದ್ದೇನೆ. ಎದುರಾಳಿಯ ಹತ್ತಿರ ಮಾತು ಮುಗಿದಾಗ ಮಾತ್ರ ಬರುತ್ತದೆ. ಅದರ ರುಚಿ ಹತ್ತಿದವರಿಗೆ ಬೇರೆ ಏನೂ ರುಚಿಸುವುದಿಲ್ಲ.

"ಯಾರು ಎಷ್ಟು ಹಾಕಿದ್ದಾರೋ ಅಷ್ಟರ ಮೇಲೆ ತೆರಿಗೆ ಹಂಚಬೇಕು," ಎಂದೆ. "ಒಂದು ಲಕ್ಷಕ್ಕೆ ಏಳು ಸಾವಿರದ ನಾನೂರ ಎಂಬತ್ತೆಂಟು. ಎಲ್ಲರಿಗೂ ಒಂದೇ ನಿಯಮ."

ಕಂಡಕ್ಟರ್ ಮಾವ ಎಲೆಯಡಿಕೆ ಉಗಿದು ಬಂದು ಕೂತರು. ಸೋತವರ ಮುಖವಲ್ಲ ಅದು. "ಆಯ್ತು ಕಣವ್ವ, ಒಪ್ದೆ. ಎಲ್ರಿಗೂ ಒಂದೇ ಅಂದೆಯಲ್ಲ. ಅಂಗಾರೆ ಅಕ್ಕನ ಪಾಲಲ್ಲೂ ಕಳೀತೀಯ?"

ಅಕ್ಕ ಬಾಗಿಲ ಹತ್ತಿರ ಚಹದ ಲೋಟ ಹಿಡಿದು ಕೂತಿದ್ದರು. ಅಪ್ಪ ತಟ್ಟನೆ, "ಅಕ್ಕನದು ಬೇಡ, ಅಷ್ಟನ್ನ ನಾನೇ—" ಎಂದು ಶುರುಮಾಡಿದರು.

ನಾನು ತಡೆದೆ. "ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ ಅಪ್ಪ. ನಿಯಮ ಅಂದರೆ ನಿಯಮ. ಅಕ್ಕನದೂ ಕಳೀಬೇಕು."

ಕಂಡಕ್ಟರ್ ಮಾವ ಮುಗುಳ್ನಕ್ಕು, "ಸರಿ, ಎಲ್ರುದೂ ಕಳೀರಿ," ಎಂದರು. ಅವರು ಬೀಸಿದ್ದು ನನ್ನಿಂದ 'ಇಲ್ಲ' ಎನ್ನಿಸಿ ನನ್ನ ನಿಯಮವನ್ನೇ ಮುರಿಸುವ ಬಲೆ. ನಾನು 'ಹೌದು' ಎಂದು ಅದರಿಂದ ತಪ್ಪಿಸಿಕೊಂಡೆ. ನನ್ನ ವಾದದಲ್ಲಿ ಎಲ್ಲೂ ಬಿರುಕಿರಲಿಲ್ಲ. ಅಪ್ಪನ ಮೇಲೆ ಬೀಳಬೇಕಿದ್ದ ಹೊರೆ ಎಂಟು ಪಾಲಾಯಿತು.

ಅಪ್ಪ ಅಲ್ಲೇ ಕೂತು ಒಬ್ಬೊಬ್ಬರಿಗೂ ಫೋನಿನಲ್ಲಿ ದುಡ್ಡು ಕಳಿಸಿದರು. ಅಕ್ಕನ ಫೋನು ಟಿಂಗ್ ಎಂದಿತು. ಅವರು ಅದನ್ನು ನನ್ನ ಕೈಗೆ ಕೊಟ್ಟರು.

"ಎಷ್ಟ್ ಬಂದದೆ ನೋಡವ್ವ."

"ತೊಂಬತ್ತು ಸಾವಿರದ ಐನೂರ ಹನ್ನೆರಡು," ಎಂದು ಓದಿದೆ.

ಅಕ್ಕ ಫೋನು ತೆಗೆದುಕೊಂಡು, ಚಹದ ಲೋಟ ತೊಳೆದಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದರು.

ಯಳಂದೂರಿಗೆ ಬರುವವರೆಗೂ ಬಸ್ಸಿನಲ್ಲಿ ಹುಂಡಿಯ ಮಾತನ್ನು ನಾನು ಮನಸ್ಸಿನಲ್ಲಿ ಮತ್ತೆ ಮತ್ತೆ ಆಡಿಕೊಂಡೆ. ಇನ್ನೂ ಚುರುಕಾಗಿ ಹೇಳಬಹುದಿತ್ತು ಎಂದು ತಿದ್ದಿಕೊಂಡೆ. ಸೋಮವಾರ ಬೆಳಿಗ್ಗೆ ಅಕ್ಕನ ನೆನಪು ನನಗೆ ಬರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂತು ಎಂದು ಬರೆದರೆ ಸುಳ್ಳಾಗುತ್ತದೆ.

ಸಂಜೆ ಅಪ್ಪ ಶಾಲೆಯಿಂದ ಬಂದು ಹೇಳಿದರು. ಅಕ್ಕ ಕೆಲಸಕ್ಕೆ ರಜೆ ಹಾಕಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ದರು. ಸಂಘದ ಐದು ಸಾವಿರ ಸೇರಿಸಿದರೂ ಹನ್ನೆರಡು ಸಾವಿರಕ್ಕಿಂತ ಹೆಚ್ಚು ಕಮ್ಮಿ ಬಿತ್ತು. ಭಾವ ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಇನ್ನು ಮೇಲೆ ಈಗಿನ ರೇಟು ಎಂದ. ಈಗಿನ ರೇಟು ಎಂದರೆ ಅಕ್ಕ ಈ ಜನ್ಮದಲ್ಲಿ ತೀರಿಸುವಂಥದ್ದಲ್ಲ.

ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ಮಂಗಳವಾರ ನನ್ನ ಖಾತೆಯಿಂದ ಹದಿನೆಂಟು ಸಾವಿರ ತೆಗೆದು, ಲಕೋಟೆಯಲ್ಲಿ ಹಾಕಿಕೊಂಡು ಆಟೋದಲ್ಲಿ ಹೊನ್ನೂರಿಗೆ ಹೋದೆ. ಅಕ್ಕ ಹೊಸ್ತಿಲ ಮೇಲೆ ಕೂತು ಅಣ್ಣೆ ಸೊಪ್ಪು ಬಿಡಿಸುತ್ತಿದ್ದರು. ಮನೆಯ ಪಕ್ಕದಲ್ಲಿ ಭಾವನೂ ಇನ್ನೊಬ್ಬ ಆಳೂ ದಾರ ಎಳೆದು, ಬೇಲಿಯ ಕಲ್ಲುಕಂಬ ನೆಡಲು ಗುಂಡಿ ತೋಡುತ್ತಿದ್ದರು.

"ಏನವ್ವ ಇದು?" ಲಕೋಟೆ ನೋಡಿ ಅಕ್ಕ ಕೇಳಿದರು.

"ನಿಮಗೆ ಕಮ್ಮಿ ಬಿದ್ದದ್ದು ಅಕ್ಕ. ನಿಮ್ಮ ಭಾವನ ಹತ್ತಿರ ಇನ್ನೊಂದು ಸಲ ಕೇಳೋಣ. ನಾನು ಮಾತಾಡ್ತೀನಿ."

"ನೀನು ಮಾತಾಡ್ಬ್ಯಾಡ," ಎಂದು ಅಕ್ಕ ನಕ್ಕರು. ಕೆಟ್ಟ ನಗೆಯಲ್ಲ. ಮಕ್ಕಳ ಕೈಯಿಂದ ಕುಡುಗೋಲು ಇಸಿದುಕೊಳ್ಳುವಾಗ ನಗುವ ಹಾಗೆ. ಆಮೇಲೆ ಕೇಳಿದರು: "ಮೊನ್ನೆ ಅನೂರಲ್ಲಿ ನೀ ಆಡಿದ್ ಮಾತು ಸರೀನಾ ತಪ್ಪಾ?"

"ಸರಿಯೇ ಅಕ್ಕ. ಆದರೆ—"

"ಸರಿಯಾಗಿದ್ರೆ ಇದ್ಯಾಕ್ ತಂದೆ? ತಪ್ಪಾಗಿದ್ರೆ ಅಲ್ಲೇ ಯಾಕ್ ಏಳ್ನಿಲ್ಲ?"

ಎರಡು ಪ್ರಶ್ನೆ. ಅದಕ್ಕೆ ಮುಂಚೆಯೂ ಆಮೇಲೂ ನನಗೆ ಅಷ್ಟು ಬಿಗಿಯಾದ ಪ್ರಶ್ನೆಯನ್ನು ಯಾರೂ ಕೇಳಿಲ್ಲ.

ಅಕ್ಕ ಲಕೋಟೆಯನ್ನು ತೆಗೆದುಕೊಂಡು ರವಿಕೆಯೊಳಗೆ ಇಟ್ಟುಕೊಂಡರು. "ಬ್ಯಾಡ ಅಂತ ಬಿಂಕ ಮಾಡಕಿಲ್ಲ. ಬಾಡ್ಗೆ ಕೇಳ್ತಾನೆ ಇನ್ಮೇಕೆ, ಬೇಕಾಯ್ತದೆ," ಎಂದರು.

ಗುಂಡಿಯ ಹತ್ತಿರದಿಂದ ಭಾವ ಕೂಗಿದ: "ಆ ಹಂಡೆ ಒಲೆ ಎತ್ಕಳವ್ವ. ಕಂಬ ಅಲ್ಲೇ ಬತ್ತದೆ."

ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆ ದಾರದ ಆಚೆ ಬದಿಯಲ್ಲಿತ್ತು. ಅಕ್ಕ ಒಂದು ಕಿವಿ ಹಿಡಿದರು, ನಾನು ಇನ್ನೊಂದು. ತಳದಲ್ಲಿ ಇನ್ನೂ ನೀರಿತ್ತು, ನಡೆಯುವಾಗ ನನ್ನ ಕಾಲ ಮೇಲೆ ಚೆಲ್ಲಿತು. ಒಳಗೆ ಅದಕ್ಕೆ ಜಾಗವಿರಲಿಲ್ಲ. ಅಡುಗೆಯ ಒಲೆಗೂ ಹಾಸಿಗೆಯ ಗಂಟಿಗೂ ನಡುವೆ ಇಟ್ಟು ನೋಡಿದೆವು, ಬಾಗಿಲು ಮುಚ್ಚಲಾಗಲಿಲ್ಲ. ಹಾಗಾಗಿ ಹಾಸಿಗೆಯನ್ನು ತೆಗೆದು ಹಂಡೆಯ ಮೇಲಿಟ್ಟೆವು.